ಹಿತ್ತಲ ಸೊಸೆ

ನಿವೃತ್ತಿಯಾದ ಮೇಲೆ ಮಾವನಿಗೆ ಕಾಲು ಬಂದವು ಎಂದು ಮನೆಯಲ್ಲಿ ಒಂದು ತಮಾಷೆ ಇತ್ತು. ಜೀವಮಾನವೆಲ್ಲ ಬಸ್ಸು ಓಡಿಸಿದವರು. ಕೂತಲ್ಲೇ ಊರೂರು ಸುತ್ತಿದರೇ ಹೊರತು ಬೀದಿ ಕೊನೆಯ ಹಾಲಿನ ಅಂಗಡಿಗೂ ನಡೆದು ಹೋದವರಲ್ಲ. ಈಗ ಬೆಳಕು ಹರಿಯುತ್ತಿದ್ದ ಹಾಗೆ ಚಪ್ಪಲಿ ಮೆಟ್ಟಿ, ಗೇಟಿನ ಬಳಿ ನಿಂತು ಒಮ್ಮೆ ಗಟ್ಟಿಯಾಗಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅದು ಅವರ ಹಾರನ್ನು. ಎರಡನೇ ಹಾರನ್ನು ಆಗುವಷ್ಟರಲ್ಲಿ ಅತ್ತೆ ಕೈಚೀಲ ಹಿಡಿದು ಬರಬೇಕು. ಬರದಿದ್ದರೆ ಮಾವ ಒಬ್ಬರೇ ಹೊರಟುಬಿಡುತ್ತಾರೆ ಎಂದೇನೂ ಅಲ್ಲ. ಮೂರನೇ ಹಾರನ್ನು ಹೊಡೆಯುತ್ತಾರೆ, ಅಷ್ಟೇ.

ಇಬ್ಬರೂ ಊರಾಚೆಯ ಹೊಲಗಳ ಕಡೆ ನಡೆದು ಹೋಗಿ, ಬರುವಾಗ ಚೀಲದಲ್ಲಿ ಏನಾದರೊಂದು ತರುತ್ತಿದ್ದರು. ಒಂದು ದಿನ ಒಣಗಿದ ಸಗಣಿ, ಒಂದು ದಿನ ಯಾರದೋ ಬೇಲಿಯ ಕಡ್ಡಿ, ಒಂದು ದಿನ ಯಾವ ಗಿಡದ್ದೆಂದು ಇಬ್ಬರಿಗೂ ಗೊತ್ತಿಲ್ಲದ ಬೀಜ. ಎಲ್ಲವೂ ಹಿತ್ತಲಿಗೆ. ಅಡುಗೆಮನೆಯ ಹಿಂದೆ, ಕಾಂಪೌಂಡು ಗೋಡೆಗಳ ನಡುವೆ ಇದ್ದ ಆ ಜಾಗದಲ್ಲಿ ಬದನೆ, ಟೊಮೆಟೊ, ಬೀನ್ಸು, ಗುಲಾಬಿ, ಮೂಲೆಯಲ್ಲಿ ಒಂದು ದಾಳಿಂಬೆ.

ಅತ್ತೆ ಮದುವೆಗೆ ಮೊದಲಿನಿಂದ ನಿವೃತ್ತಿಯ ತನಕ ಒಂದು ನರ್ಸರಿಯಲ್ಲಿ ಕೆಲಸ ಮಾಡಿದವರು. ಅಲ್ಲಿನ ಹೆಂಗಸರಿಗೆ ಅವರದೇ ಒಂದು ಭಾಷೆ ಇತ್ತು. ತಾವೇ ಬೀಜ ಹಾಕಿ ಎಬ್ಬಿಸಿದ ಸಸಿ ಮಗಳು. ಇವತ್ತಲ್ಲ ನಾಳೆ ಇನ್ನೊಬ್ಬರ ಮನೆಗೆ ಹೋಗುವವಳು. ಬೇರೆ ಕಡೆಯಿಂದ ತಂದು ನೆಟ್ಟಿದ್ದು ಸೊಸೆ. ‘ಇವಳು ಮಗಳು, ನೀರು ಕಮ್ಮಿ ಮಾಡು, ಗಟ್ಟಿಯಾಗಲಿ. ಅವಳು ಸೊಸೆ, ಮೊದಲ ವಾರ ಬಿಸಿಲಿಗೆ ಇಡಬೇಡ’ ಎಂದು ಮಾತಾಡಿಕೊಂಡೇ ದಿನ ಕಳೆಯುತ್ತಿದ್ದರು. ನರ್ಸರಿ ಬಿಟ್ಟರೂ ಆ ಮಾತು ಅತ್ತೆಯ ಬಾಯಿ ಬಿಡಲಿಲ್ಲ. ಹಿತ್ತಲಲ್ಲಿ ಮಗಳಂದಿರು ಬೇಕಾದಷ್ಟು, ಸೊಸೆ ಮಾತ್ರ ಒಬ್ಬಳೇ. ಕಸಿ ಮಾಡಿದ ಆ ದಾಳಿಂಬೆಯನ್ನು ನಿವೃತ್ತಿಯ ದಿನ ಜೊತೆಗಾತಿಯರು ಕೊಟ್ಟಿದ್ದರು. ಅದು ಹಿತ್ತಲಿಗೆ ಬಂದ ವರ್ಷವೇ ಮಗನ ಮದುವೆಯಾಗಿ ಮನೆಯೊಳಗೂ ಒಬ್ಬ ಸೊಸೆ ಬಂದಳು.

ಅಂದಿನಿಂದ ಅತ್ತೆ ಆ ಭಾಷೆಯನ್ನು ಹಿತ್ತಲ ಬಾಗಿಲಲ್ಲಿ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಬರುತ್ತಿದ್ದರು. ಗಿಡವನ್ನು ಸೊಸೆ ಎನ್ನುವುದು ಕೇಳಿದರೆ ಹುಡುಗಿ ಏನಂದುಕೊಂಡಾಳು? ಗಂಡನ ಜೊತೆ ಆಡಿದರೂ ಪಿಸುದನಿಯಲ್ಲಿ ಆಡುತ್ತಿದ್ದರು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೇ ಎಷ್ಟೋ ಸಲ ಕುತ್ತಿಗೆಗೆ ಬರುತ್ತದೆ.

ಸೊಸೆ ದೊಡ್ಡ ರಸ್ತೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಟ್ಟೆಯನ್ನೂ ತಾರಸಿಯ ಮೇಲೇ ಒಣಹಾಕುತ್ತಿದ್ದ ಅವಳಿಗೂ ಹಿತ್ತಲಿಗೂ ಸಂಬಂಧ ಅಷ್ಟಕ್ಕಷ್ಟೇ. ಹಿತ್ತಲ ಗಿಡ ಮದ್ದಲ್ಲ ಅನ್ನೋದಕ್ಕೆ ನಮ್ಮನೇಲಿ ಸಾಕ್ಷಿ ನಾನೇ, ಮದ್ದು ಬೇಕಾದರೆ ನಮ್ಮಂಗಡಿಗೇ ಬರಬೇಕು ಎಂದು ಅವಳು ನಗಿಸುತ್ತಿದ್ದಳು. ಮಗ ಫ್ರಿಜ್ಜು, ವಾಷಿಂಗ್ ಮಷೀನು ರಿಪೇರಿ ಮಾಡುವವನು. ಬಾಡಿಗೆ ಅಂಗಡಿ, ಒಬ್ಬನೇ ಕೈಯಾಳು. ಊಟದ ಹೊತ್ತಿನಲ್ಲೂ ಅವನ ಉಗುರಿನ ಸಂದಿಯಲ್ಲಿ ಗ್ರೀಸು ಇರುತ್ತಿತ್ತು.

ತೊಂದರೆ ಶುರುವಾದದ್ದು ಆ ಅಂಗಡಿಯಿಂದ. ಮಾಲೀಕರು ಕಟ್ಟಡ ಕೆಡವುತ್ತಾರಂತೆ, ಖಾಲಿ ಮಾಡಬೇಕಂತೆ ಎಂದು ಮಗ ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದ. ಆಮೇಲೆ ಅನ್ನ ಕಲೆಸುತ್ತಾ, ಯಾರ ಮುಖವನ್ನೂ ನೋಡದೆ, ಹಿತ್ತಲಿಗೆ ಒಂದು ಶೀಟು ಹೊದಿಸಿ ನೆಲಕ್ಕೆ ಸಿಮೆಂಟು ಹಾಕಿಸಿಬಿಟ್ಟರೆ ಕೆಲಸ ಅಲ್ಲೇ ನಡೆಯುತ್ತೆ ಎಂದ.

"ಗಿಡಗಳು?" ಎಂದರು ಮಾವ.

"ಗಿಡ ಎಲ್ಲಾದ್ರೂ ಬೆಳೆಯುತ್ತೆ ಅಪ್ಪ. ಫ್ರಿಜ್ಜು ಮಳೇಲಿ ನಿಲ್ಲಲ್ಲ."

ಮಾತು ಸರಿಯಾಗಿಯೇ ಇತ್ತು. ಅದೇ ಕಷ್ಟ. ತಪ್ಪು ಮಾತಾಗಿದ್ದರೆ ಜಗಳವಾಡಬಹುದಿತ್ತು. ಎಷ್ಟು ದಿನ ಇದೆ ಎಂದು ಅತ್ತೆ ಕೇಳಿದರು. ಮಳೆ ಮುಗಿಯೋ ಹೊತ್ತಿಗೆ ಎಂದ ಮಗ. ಅತ್ತೆ ಅವನ ತಟ್ಟೆಗೆ ಇನ್ನೊಂದು ಚಮಚ ಬೇಳೆ ಬಡಿಸಿ, ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಸೊಸೆಗೆ ಇದು ಅನ್ಯಾಯ ಅನ್ನಿಸಿತು. ಆದರೆ ಹಿತ್ತಲು ತನ್ನದಲ್ಲ, ಅಂಗಡಿಯೂ ತನ್ನದಲ್ಲ, ನಡುವೆ ತಾನ್ಯಾಕೆ ಬಾಯಿ ಹಾಕಲಿ ಎಂದು ಸುಮ್ಮನಾದಳು.

ಮಾರನೆಯ ದಿನದಿಂದ ಅತ್ತೆ ಮಾವನ ನಡಿಗೆ ಉದ್ದವಾಯಿತು. ಮೊದಲು ಚಹಾದ ಹೊತ್ತಿಗೆ ಬರುತ್ತಿದ್ದವರು ಈಗ ಮಗ ಸೊಸೆ ಕೆಲಸಕ್ಕೆ ಹೊರಡುವಾಗ ಬಂದರೆ ಬಂದರು. ಚಹಾ, ಗುಡಿಸುವುದು, ಅನ್ನ, ಇಬ್ಬರ ಡಬ್ಬಿ, ಎಲ್ಲ ಸೊಸೆಯ ತಲೆಯ ಮೇಲೆ ಬಿತ್ತು. ಅವಳು ಒಂದು ಕೈಯಲ್ಲಿ ಮೊಟ್ಟೆ ತಿರುವುತ್ತಾ ಇನ್ನೊಂದು ಕೈಯಲ್ಲಿ ತಲೆ ಬಾಚಿಕೊಳ್ಳುವುದನ್ನು ಕಲಿತಳು. ಔಷಧಿ ಅಂಗಡಿಯ ಮಾಲೀಕರು ಗಡಿಯಾರ ನೋಡಿ ಕೆಮ್ಮತೊಡಗಿದರು.

ಇನ್ನೊಂದು ವಿಷಯವನ್ನೂ ಅವಳು ಗಮನಿಸಿದಳು. ಮೊದಲೆಲ್ಲ ಚೀಲ ಖಾಲಿ ಹೋಗಿ ತುಂಬಿ ಬರುತ್ತಿತ್ತು. ಈಗ ತುಂಬಿ ಹೋಗಿ ಖಾಲಿ ಬರುತ್ತಿದೆ. ಮಾವನ ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ಸಣ್ಣ ಗುದ್ದಲಿ ದಿನಾ ಬೆಳಿಗ್ಗೆ ಕಾಣೆಯಾಗಿ ಮತ್ತೆ ಪ್ರತ್ಯಕ್ಷವಾಗುತ್ತದೆ. ಎಲ್ಲಿಗೆ ಹೋಗ್ತಾರೆ ಇವರು? ಕೇಳಿದರೆ ಮಾವ, ಹೀಗೇ ಸುಮ್ಮನೆ, ಗಾಳಿಗೆ ಎನ್ನುತ್ತಿದ್ದರು. ಸುಳ್ಳು ಹೇಳುವಾಗ ಅವರ ಬಲಗೈ ಇಲ್ಲದ ಗೇರನ್ನು ಹುಡುಕುತ್ತಿತ್ತು.

ಮಗನೇ ಒಂದು ಬೆಳಿಗ್ಗೆ ರೇಗಿದ.

"ನೀವಿಬ್ರೂ ಎಲ್ಲಿಗೆ ಹೋಗ್ತೀರಿ ದಿನಾ? ಅವಳೊಬ್ಬಳೇ ಅಡುಗೆಮನೇಲಿ ಸಾಯ್ತಿದ್ದಾಳೆ."

"ನಡೆಯೋಕೆ ಹೋಗ್ತೀವಪ್ಪ" ಎಂದರು ಮಾವ.

"ಗುದ್ದಲಿ ತಗೊಂಡು ನಡೆಯೋರನ್ನ ನಾನಂತೂ ನೋಡಿಲ್ಲ."

ಮಾವ ಹೆಂಡತಿಯ ಮುಖ ನೋಡಿದರು. ಅತ್ತೆ ನೆಲ ನೋಡಿದರು. ನಾಳೆಯಿಂದ ಬೇಗ ಬರ್ತೀವಿ ಎಂದಷ್ಟೇ ಹೇಳಿ ಚಹಾದ ಲೋಟ ತೊಳೆಯಲು ಹೋದರು. ಮಾರನೆಯ ದಿನ ಎಂದಿಗಿಂತ ತಡವಾಗಿ ಬಂದರು.

ಇಷ್ಟೇ ಆಗಿದ್ದರೆ ಸೊಸೆ ಇದನ್ನೆಲ್ಲ ನಗುತ್ತಲೇ ನುಂಗುತ್ತಿದ್ದಳೋ ಏನೋ. ರಜೆಯ ದಿನ ಒಮ್ಮೆ ಅವಳು ತಾರಸಿಯ ಮೇಲೆ ಹೊದಿಕೆ ಒಣಹಾಕುತ್ತಿದ್ದಳು. ಕೆಳಗೆ ಹಿತ್ತಲಲ್ಲಿ ಅತ್ತೆ ಮಾವ ಪಿಸುಮಾತಾಡುವುದು ಕೇಳಿತು. ಪಿಸುಮಾತಿಗೆ ಒಂದು ಗುಣವಿದೆ. ಜೋರಾಗಿ ಆಡಿದ್ದು ಕಿವಿಗೆ ಬೀಳದೆ ಹೋಗಬಹುದು, ಪಿಸುಗುಟ್ಟಿದ್ದು ಬೀಳದೆ ಇರುವುದಿಲ್ಲ.

"ಇನ್ನು ಸೊಸೆ ಒಬ್ಬಳೇ ಉಳಿದಿದ್ದು" ಎಂದರು ಅತ್ತೆ.

"ಕಷ್ಟ ಕಣೇ. ಐದು ವರ್ಷ ಆಯ್ತಲ್ಲ ಇಲ್ಲಿಗೆ ಬಂದು."

"ಐದು ವರ್ಷ ಆದ್ರೇನು. ಈ ನೆಲಕ್ಕೆ ಒಗ್ಗಲೇ ಇಲ್ಲ ಅವಳು. ಒಂದು ಕಾಯಿ ಬಿಡಲಿಲ್ಲ. ಕಾದು ಕಾದು ನನಗೂ ಸಾಕಾಯ್ತು. ಬೇರೆ ಕಡೆ ಹಾಕಿಬಿಡೋಣ."

"ಮಗನಿಗೆ ಹೇಳೋದು ಬೇಡ್ವಾ?"

"ಆಮೇಲೆ ತಿಳಿದ್ರಾಯ್ತು. ಮೆಲ್ಲಗೆ ಮಾತಾಡ್ರೀ, ಅವಳು ಮನೇಲೇ ಇದ್ದಾಳೆ."

ಸಮಾಧಾನದಿಂದ ಕೇಳಿದವರಿಗೆ ಇಲ್ಲಿ ಇಬ್ಬರು ‘ಅವಳು’ ಇದ್ದಾರೆಂದು ತಿಳಿಯುತ್ತಿತ್ತು. ನೊಂದ ಕಿವಿಗೆ ಆ ಲೆಕ್ಕ ಸಿಗುವುದಿಲ್ಲ. ಸೊಸೆ ಒದ್ದೆ ಹೊದಿಕೆಯನ್ನು ಎದೆಗೆ ಹಿಡಿದುಕೊಂಡು ನಿಂತೇ ಇದ್ದಳು. ಕಾಯಿ ಎಂದರೇನು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮದುವೆಯಾಗಿ ಐದು ವರ್ಷ. ಇಬ್ಬರು ಡಾಕ್ಟರರನ್ನು ನೋಡಿ ಆಗಿತ್ತು. ಅವರು ಬರೆದುಕೊಟ್ಟ ಮಾತ್ರೆಗಳನ್ನು ತಾನು ನುಂಗಿದ್ದಲ್ಲದೆ, ಅಂಗಡಿಯಲ್ಲಿ ಬೇರೆ ಹೆಂಗಸರಿಗೂ ಕಟ್ಟಿಕೊಡುತ್ತಿದ್ದಳು. ಅತ್ತೆ ಒಂದು ದಿನವೂ ಆ ವಿಷಯ ಎತ್ತಿದವರಲ್ಲ. ಅದನ್ನೇ ದೊಡ್ಡ ಗುಣ ಎಂದುಕೊಂಡಿದ್ದಳು. ಈಗ ಗೊತ್ತಾಯಿತು, ಅವರು ಸುಮ್ಮನಿರಲಿಲ್ಲ, ಕಾಯುತ್ತಿದ್ದರು. ತುಂಬ ನೋವಾಯಿತು ಅವಳಿಗೆ. ಕೆಳಗೆ ಇಳಿದು ಹೋಗಿ ಕೇಳಿಬಿಡಬೇಕು ಅನ್ನಿಸಿತು. ಕೇಳಿದರೆ ಹೌದು ಅಂದುಬಿಟ್ಟರೆ ಏನು ಮಾಡುವುದು ಎಂದು ಭಯವಾಯಿತು.

ಅವಳು ಕೇಳಲಿಲ್ಲ. ಬದಲಿಗೆ ಮನೆ ಹುಡುಕತೊಡಗಿದಳು.

ಔಷಧಿ ಅಂಗಡಿಯಲ್ಲಿ ಕೂತವರಿಗೆ ಊರಿನ ಕಾಯಿಲೆಯ ಜೊತೆಗೆ ಊರಿನ ಖಾಲಿ ಮನೆಗಳೂ ಗೊತ್ತಿರುತ್ತವೆ. ಬೇರೆ ಹೋಗೋಣ ಎಂದು ಗಂಡನಿಗೆ ಹೇಳಿದಾಗ ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಮನೆ ಇರುವಾಗ ಮನೆ ಯಾಕೆ ಎಂದ. ಯಾಕೆ ಅಂತ ಕೇಳಬೇಡಿ ಎಂದಳು. ಅಮ್ಮ ಏನಾದ್ರೂ ಅಂದ್ರಾ ಎಂದ. ನಿಮ್ಮಮ್ಮ ನನ್ನ ಹತ್ತಿರ ಏನೂ ಅನ್ನಲ್ಲ ಎಂದಳು. ಅದು ನಿಜವೂ ಆಗಿತ್ತು, ಬೈಗುಳವೂ ಆಗಿತ್ತು. ಅವನಿಗೆ ಬಿಸಿ ತುಪ್ಪ ಬಾಯಿಗಿಟ್ಟ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಅವಳು ಊಟಕ್ಕೆ ಎಲ್ಲರ ಜೊತೆ ಕೂರುವುದನ್ನು ಬಿಟ್ಟಳು. ಅಡುಗೆಮನೆಯಲ್ಲೇ ನಿಂತುಕೊಂಡು ತಿಂದು ಮುಗಿಸುತ್ತಿದ್ದಳು. ಕೇಳಿದ್ದಕ್ಕೆ ಹೂಂ, ಉಹೂಂ. ಅತ್ತೆಗೆ ಏನೋ ಆಗಿದೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಮೈ ಸರಿ ಇಲ್ವೇನಮ್ಮ ಎಂದು ಒಂದು ಸಲ ಹಣೆ ಮುಟ್ಟಿ ನೋಡಲು ಹೋದರು. ಸೊಸೆ ಮುಖ ಹಿಂದಕ್ಕೆ ತೆಗೆದುಕೊಂಡಳು. ಅತ್ತೆಯ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ಅಲ್ಲೇ ಇದ್ದ ಉಪ್ಪಿನ ಡಬ್ಬಿಯನ್ನು ಸರಿಮಾಡಿ ವಾಪಸಾಯಿತು. ಬೆಳಗಿನ ಕೆಲಸವೆಲ್ಲ ಅವಳ ಮೇಲೆ ಬಿದ್ದು ಬೇಸತ್ತಿದ್ದಾಳೆ ಎಂದುಕೊಂಡ ಅವರು ಇನ್ನೂ ಬೇಗ ಎದ್ದು, ಚಹಾ ಮಾಡಿಟ್ಟು ಹೊರಡತೊಡಗಿದರು. ಸೊಸೆ ಆ ಚಹಾ ಕುಡಿಯದೆ ತನ್ನದನ್ನು ಬೇರೆ ಮಾಡಿಕೊಂಡಳು.

"ಇಂಜಿನ್ ಬಿಸಿಯಾಗಿದೆ. ಈಗ ಮುಚ್ಚಳ ತೆಗೆದ್ರೆ ಕೈ ಸುಡುತ್ತೆ, ತಣ್ಣಗಾಗಲಿ" ಎಂದರು ಮಾವ.

"ನೀವು ಬಸ್ಸಿಂದ ಯಾವಾಗ ಇಳೀತೀರೋ" ಎಂದರು ಅತ್ತೆ. ಅವರ ಕಣ್ಣು ಒದ್ದೆಯಾಗಿತ್ತು.

ಇನ್ನೊಂದು ರಜೆಯ ದಿನ ಬಂತು. ಹಿಂದಿನ ಸಂಜೆಯಷ್ಟೇ ಸೊಸೆ ಒಂದು ಮನೆ ನೋಡಿ ಮಾತಾಡಿ ಬಂದಿದ್ದಳು. ಇನ್ನು ಹೋಗುವುದೇ ಖಚಿತವಾದ ಮೇಲೆ ಸಿಟ್ಟಿನ ಸಂದಿಯಲ್ಲಿ ಹಳೆಯ ಕುತೂಹಲ ತಲೆಯೆತ್ತಿತು. ತನ್ನನ್ನು ಎಲ್ಲಿಗೆ ‘ಹಾಕಲು’ ಹೊರಟಿದ್ದಾರೆ ಇವರು? ದಿನಾ ಬೆಳಿಗ್ಗೆ ಯಾರನ್ನು ನೋಡಿ ಬರುತ್ತಾರೆ? ಮಗನಿಗೆ ಬೇರೆ ಹುಡುಗಿಯನ್ನೇನಾದರೂ ಗೊತ್ತುಮಾಡುತ್ತಿದ್ದಾರೋ? ಗುದ್ದಲಿ ಹಿಡಿದು ಹೆಣ್ಣು ನೋಡಲು ಹೋಗುತ್ತಾರೆಯೇ ಎಂದು ಯೋಚಿಸುವ ಸ್ಥಿತಿಯಲ್ಲಿ ಅವಳು ಇರಲಿಲ್ಲ. ಹಾಲು ತರ್ತೀನಿ ಎಂದು ಗಂಡನಿಗೆ ಹೇಳಿ ಅವರ ಹಿಂದೆ ಹೊರಟಳು.

ಕೊನೆಯ ಮನೆಗಳು ಮುಗಿದವು. ಇಟ್ಟಿಗೆ ಭಟ್ಟಿ ಬಂತು, ಸಣ್ಣ ಸೇತುವೆ ಬಂತು, ಆಮೇಲೆ ಎರಡೂ ಕಡೆ ಜೋಳದ ಹೊಲ. ಐದು ವರ್ಷದಲ್ಲಿ ಅವಳು ಸೇತುವೆಯಾಚೆ ಕಾಲಿಟ್ಟವಳಲ್ಲ. ಇಬ್ಬನಿಗೆ ಚಪ್ಪಲಿ ಜಾರುತ್ತಿತ್ತು. ಮುಂದೆ ಮಾವ, ಎರಡು ಹೆಜ್ಜೆ ಹಿಂದೆ ಅತ್ತೆ. ಮಾವ ಒಂದೊಂದು ಕಡೆ ಕಾರಣವಿಲ್ಲದೆ ನಿಧಾನವಾಗಿ, ನಿಂತು, ಮತ್ತೆ ಹೊರಡುತ್ತಿದ್ದರು. ಯಾಕೆಂದು ಅವಳಿಗೆ ಮೊದಲು ತಿಳಿಯಲಿಲ್ಲ. ಮೂರನೇ ಸಲ ನಿಂತಾಗ ಪೊದೆಯಲ್ಲಿ ತುಕ್ಕು ಹಿಡಿದ ಬಸ್ ಸ್ಟಾಪಿನ ಕಂಬ ಕಂಡಿತು. ಅದು ಅವರು ಓಡಿಸುತ್ತಿದ್ದ ಹಳೆಯ ದಾರಿ. ಬಸ್ಸು ನಿಂತುಹೋಗಿ ಎಷ್ಟೋ ಕಾಲವಾಗಿತ್ತು, ಇಳಿಯುವವರೂ ಇಲ್ಲ, ಹತ್ತುವವರೂ ಇಲ್ಲ, ಆದರೂ ಮಾವ ಸ್ಟಾಪು ಬಿಡುತ್ತಿರಲಿಲ್ಲ. ಅವಳಿಗೆ ನಗು ಬಂತು. ಸಿಟ್ಟಿನಲ್ಲಿದ್ದೇನೆ ಎಂಬುದು ನೆನಪಾಗಿ ತಡೆದುಕೊಂಡಳು.

ದಾರಿ ಕೊನೆಗೊಂಡಲ್ಲಿ ಬಸ್ಸು ತಿರುಗಿಸುತ್ತಿದ್ದ ದುಂಡನೆಯ ಬಯಲು. ಒಂದು ಪಕ್ಕದಲ್ಲಿ ಅರ್ಧ ಚಾವಣಿ ಉಳಿದ ತಂಗುದಾಣ, ಕಲ್ಲಿನ ಬೆಂಚು, ಹತ್ತಿರದಲ್ಲೇ ಒಂದು ಕೈಪಂಪು. ಸೊಸೆ ವಿದ್ಯುತ್ ಕಂಬದ ಹಿಂದೆ ನಿಂತು ನೋಡಿದಳು. ತಂಗುದಾಣದ ಸುತ್ತ ಅವರ ಮನೆಯ ಹಿತ್ತಲೇ ಇತ್ತು. ಬದನೆ ಸಾಲು, ಬೀನ್ಸಿಗೆ ಊರಿದ ಕಡ್ಡಿ, ಟೊಮೆಟೊ. ಗುಲಾಬಿಯನ್ನು ಅವಳು ಕೂಡಲೇ ಗುರುತು ಹಿಡಿದಳು, ಅದಕ್ಕೆ ಕಟ್ಟಿದ್ದು ಅವಳದೇ ಹಳೆಯ ಹಸಿರು ದುಪಟ್ಟಾದ ಅಂಚು. ಅಂದರೆ ಹಿತ್ತಲು ಖಾಲಿಯಾಗುತ್ತಾ ಬಂದಿದ್ದು ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ.

ಮಾವ ಬಯಲಿನ ನಡುವೆ ಗುಂಡಿ ತೋಡುತ್ತಿದ್ದರು. ಅತ್ತೆ ಪಕ್ಕದಲ್ಲಿ ಕೂತು ಕಲ್ಲು ಆರಿಸುತ್ತಿದ್ದರು.

"ಇನ್ನೂ ಅಗಲ ಮಾಡ್ರೀ. ಮಗಳಂದಿರು ಹೇಗೋ ಹೊಂದ್ಕೋತಾರೆ. ಸೊಸೆಗೆ ಒಳ್ಳೇ ಜಾಗ ಬೇಕು."

ಸೊಸೆ ಕಂಬದ ಮರೆಯಿಂದ ಈಚೆ ಬಂದಳು.

"ಯಾವ ಸೊಸೆಗೆ?"

ಮಾವ ಗುದ್ದಲಿ ಎತ್ತಿದವರು ಹಾಗೇ ನಿಂತರು. ಅತ್ತೆ ಎದ್ದು ನಿಲ್ಲಲು ಹೋಗಿ ಮಣ್ಣಿನಲ್ಲಿ ಕೈಯೂರಿದರು. ಉತ್ತರ ಕೊಟ್ಟದ್ದು ಮಾವ, ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ.

"ದಾಳಿಂಬೆ ಕಣಮ್ಮ. ಮೂಲೇಲಿದೆಯಲ್ಲ, ಅದು."

ಅವಳು ಕಲ್ಲು ಬೆಂಚಿನ ಮೇಲೆ ಕೂತುಬಿಟ್ಟಳು. ಮೊದಲು ನಗು ಬಂತು. ನಗುತ್ತಿದ್ದ ಹಾಗೆಯೇ ಅಳು ಬಂತು, ಅದನ್ನು ಅವಳು ತಡೆಯಲಿಲ್ಲ. ತಾರಸಿಯ ಮೇಲೆ ಕೇಳಿದ್ದನ್ನೆಲ್ಲ ಹೇಳಿದಳು. ನೆಲಕ್ಕೆ ಒಗ್ಗಲಿಲ್ಲ, ಕಾಯಿ ಬಿಡಲಿಲ್ಲ, ಒಂದು ಮಾತನ್ನೂ ಬಿಡದೆ ಹೇಳಿದಳು. ಕೇಳುತ್ತಾ ಕೇಳುತ್ತಾ ಅತ್ತೆಯ ಮುಖ ಸಣ್ಣದಾಯಿತು. ನರ್ಸರಿಯ ಹೆಂಗಸರ ಭಾಷೆಯನ್ನು ತಡವರಿಸುತ್ತಾ ವಿವರಿಸಿದರು. ಮಗನಿಗೆ ಹೇಳದೆ ಹೋದದ್ದು ಅವನಿಗೆ ಅಂಗಡಿಯ ಚಿಂತೆಯ ಮೇಲೆ ಗಿಡದ ಪಾಪವೂ ಬೇಡ ಎಂದು. ಪಿಸುಗುಟ್ಟಿದ್ದು ಅವಳಿಗೆ ನೋವಾಗಬಾರದೆಂದು.

"ನೋವಾಗಬಾರದು ಅಂತ ಮಾಡಿದ್ದೇ ಇಷ್ಟು ನೋವು ಮಾಡ್ತಲ್ಲ ಕಣೇ" ಎಂದರು.

ಸೊಸೆ ಕಣ್ಣೊರೆಸಿಕೊಂಡಳು. ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸುಖಾಂತವಾಗುತ್ತಿತ್ತು. ಅವಳು ಬಿಡಲಿಲ್ಲ.

"ನನ್ನ ಬಗ್ಗೆ ಹಾಗೆ ಒಂದು ಸಲವೂ ಅಂದ್ಕೊಂಡಿಲ್ವಾ ಅತ್ತೆ?"

ಇಲ್ಲ ಎನ್ನುವುದು ಬಹಳ ಸುಲಭವಿತ್ತು. ಮಾವ ಕೂಡ ಹೆಂಡತಿ ಹಾಗೆ ಅಂದುಬಿಡಲಿ ಎಂದು ಕಾಯುತ್ತಿದ್ದರು. ಅತ್ತೆ ಕೈಗೆ ಮೆತ್ತಿದ ಮಣ್ಣನ್ನು ಉಜ್ಜಿ ಉಜ್ಜಿ ತೆಗೆದರು.

"ಮೊದಮೊದಲು ಅಂದ್ಕೊಂಡಿದ್ದೆ. ಸುಳ್ಳು ಯಾಕೆ ಹೇಳಲಿ. ಆಮೇಲೆ ದಿನಾ ಆ ದಾಳಿಂಬೆಗೆ ನೀರು ಹಾಕ್ತಿದ್ನಲ್ಲ, ಅದರ ಮೇಲೆ ನನಗೆ ಒಂದಿನಾನೂ ಸಿಟ್ಟು ಬರಲಿಲ್ಲ. ಗೋಡೆ ಬಿಸಿಲು ತಡೀತಿದೆ, ಪಾಪ ಅದೇನು ಮಾಡುತ್ತೆ ಅಂತಿದ್ದೆ. ಗಿಡಕ್ಕೆ ಹಾಗೆ ಅಂದು ನಿನಗೆ ಹೀಗೆ ಅಂದ್ಕೊಳ್ಳೋಕೆ ನನಗೇ ನಾಚಿಕೆಯಾಯ್ತು. ಬಿಟ್ಟೆ."

ಈ ಉತ್ತರ ಸೊಸೆಗೆ ಚುಚ್ಚಿತು. ಆದರೆ ಇದನ್ನು ನಂಬಬಹುದು ಎಂದೂ ಅನ್ನಿಸಿತು. ಇಲ್ಲ ಅಂದಿದ್ದರೆ ಜೀವನವಿಡೀ ಅನುಮಾನ ಉಳಿಯುತ್ತಿತ್ತು.

"ನಾನೂ ಒಂದು ಹೇಳ್ಬೇಕು" ಎಂದಳು. "ಬೇರೆ ಮನೆ ನೋಡಿದ್ದೀನಿ. ನಿನ್ನೆ ಮಾತಾಡಿ ಬಂದೆ. ಈಗ ಬೇಡ ಅಂತ ಹೇಳಿಬಿಡ್ತೀನಿ."

ಅತ್ತೆ ಗುಂಡಿಯ ಅಂಚಿನಲ್ಲಿ ಕೂತುಕೊಂಡರು. ಅವರಿಗೂ ಚುಚ್ಚಿತು. ಈಗ ಇಬ್ಬರಿಗೂ ಸಮವಾಯಿತು.

"ಎಲ್ಲಿ?" ಎಂದು ಕೇಳಿದ್ದು ಮಾವ.

ಇಟ್ಟಿಗೆ ಭಟ್ಟಿಗೆ ತಿರುಗುವ ಮೊದಲು ಸಿಗುವ ಬೀದಿ ಎಂದಳು. ಅವರು ದಿನಾ ನಡೆದು ಬರುವ ದಾರಿಯೇ. ಮೇಲೆ ಮನೆ, ಕೆಳಗೆ ಖಾಲಿ ಗ್ಯಾರೇಜು.

"ಗ್ಯಾರೇಜಿಗೆ ಶಟರ್ ಇದೆಯಾ?"

"ಇದೆ ಮಾವ."

"ಮತ್ತೆ ಬೇಡ ಅಂತ ಯಾಕೆ ಹೇಳ್ತೀಯ? ಅವನು ಅಂಗಡಿಗೆ ಜಾಗ ಇಲ್ಲ ಅಂತ ತಲೆ ಚಚ್ಚಿಕೊಳ್ತಿದ್ದಾನೆ."

ಮೂವರಿಗೂ ಒಟ್ಟಿಗೇ ಹೊಳೆಯಿತು. ಒಂದು ತಿಂಗಳಿಂದ ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ತಿಳಿಯದ ಹಾಗೆ ಎಲ್ಲರೂ ಜಾಗ ಹುಡುಕುತ್ತಿದ್ದರು. ಬಾಯಿ ಬಿಟ್ಟಿದ್ದರೆ ಒಂದು ಊಟದಲ್ಲಿ ಮುಗಿಯುವ ಮಾತು. ಅತ್ತೆ ಸೊಸೆಯ ಕಡೆ ತಿರುಗಿ ಕೇಳಿದರು.

"ಸಿಟ್ಟಲ್ಲಿ ನೋಡಿದ ಮನೆ, ಅಲ್ವಾ?"

"ಹೌದು."

"ಬಿಸಿಲು ಬೀಳುತ್ತಾ?"

"ಬೆಳಿಗ್ಗೆಯಿಂದ ಸಂಜೆವರೆಗೂ."

ಅತ್ತೆ ಯೋಚಿಸಿದರು. "ಹಾಗಾದ್ರೆ ಸಿಟ್ಟಲ್ಲಾದ್ರೂ ಒಳ್ಳೇದನ್ನೇ ನೋಡಿದ್ದೀಯ. ಹೊರಗೆ ಹಾಕಿದ್ರು ಅಂದ್ಕೊಂಡು ಹೋಗಬೇಡ. ಬೇಕು ಅನ್ನಿಸಿದ್ರೆ ಹೋಗು. ಬೇಡ ಅನ್ನಿಸಿದ್ರೆ ಇರು."

ಮನೆಗೆ ಬಂದಾಗ ಮಗ ಹಾಲಿಲ್ಲದೆ ಕಪ್ಪು ಚಹಾ ಕುಡಿಯುತ್ತಾ ಕೂತಿದ್ದ. ಇವರು ಮೂವರೂ ಕಾಲೆಲ್ಲ ಮಣ್ಣು ಮಾಡಿಕೊಂಡು ಒಟ್ಟಿಗೆ ಬರುವುದನ್ನು ನೋಡಿ ಲೋಟ ಕೆಳಗಿಟ್ಟ. ನಡೆದದ್ದನ್ನು ಹೇಳಿದಾಗ, ಸೊಸೆ ಎಂದರೆ ದಾಳಿಂಬೆ ಎಂಬುದೇ ಅವನ ತಲೆಗೆ ಹೋಗಲಿಲ್ಲ. ಮಾವ ಎರಡು ಸಲ ಹೇಳಿದರು. ಹಾಗಾದ್ರೆ ಹಿತ್ತಲಿಗೆ ಶೀಟು ಹಾಕಿಸೋದು ಬೇಡ್ವಾ ಎಂದು ಅವನು ಕೇಳಿದಾಗ ಅವನ ದನಿಯಲ್ಲಿ ಸಮಾಧಾನವಿತ್ತು. ಶೀಟಿನ ಮಾತಾಡಿದ ದಿನದಿಂದ ಅವನಿಗೂ ನಿದ್ದೆ ಬಂದಿರಲಿಲ್ಲ. ಅದನ್ನು ಅವನೂ ಯಾರಿಗೂ ಹೇಳಿರಲಿಲ್ಲ.

ಸೊಸೆ ನಾಲ್ಕು ದಿನ ಯೋಚಿಸಿ, ಹೋಗೋಣ ಎಂದಳು. ಅವಳಿಗೆ ಒಂದು ಅಡುಗೆಮನೆ ತನ್ನದಾಗಿ ಬೇಕೆನ್ನಿಸಿತ್ತು. ಅದನ್ನು ಜಗಳವಿಲ್ಲದೆ ಹೇಳಲು ಬರುತ್ತದೆ ಎಂಬುದು ಅವಳಿಗೇ ಆಶ್ಚರ್ಯ. ಮಳೆ ನಿಂತ ಮೇಲೆ ಸಾಮಾನು ಸಾಗಿತು. ಬಸ್ ತಿರುಗುವ ಬಯಲಿನಲ್ಲಿ ನೆಟ್ಟದ್ದನ್ನು ಅತ್ತೆ ವಾಪಸು ತರಲಿಲ್ಲ, ಕೊಟ್ಟ ಮಗಳಂದಿರು ಅಲ್ಲೇ ಇರಲಿ ಎಂದರು. ಖಾಲಿ ಹಿತ್ತಲಿನಲ್ಲಿ ಹೊಸ ಬೀಜ ಹಾಕಿದರು. ದಾಳಿಂಬೆಯನ್ನು ಮಾತ್ರ ಬೇರಿನ ಸುತ್ತ ಮಣ್ಣು ಕದಲದಂತೆ ಅಗೆದು, ಗೋಣಿಯಲ್ಲಿ ಸುತ್ತಿ, ತಳ್ಳುಗಾಡಿಯ ಮೇಲೆ ಎಲ್ಲಕ್ಕಿಂತ ಕೊನೆಗೆ ಇಟ್ಟರು. ಮಾವ ಗಾಡಿಯ ಹಿಂದೆ ನಿಂತು ‘ಬರಲಿ, ಬರಲಿ, ಲೆಫ್ಟಿಗೆ, ಹೋಲ್ಡಾನ್’ ಎಂದು ಬೀದಿಯವರಿಗೆಲ್ಲ ಕೇಳುವಂತೆ ಕೂಗಿದರು.

ಹೊಸ ಮನೆಯ ಮೆಟ್ಟಿಲ ಪಕ್ಕ ಅದನ್ನು ನೆಟ್ಟರು. ಒಂದೇ ವಾರದಲ್ಲಿ ಅದು ಎಲೆಯೆಲ್ಲ ಉದುರಿಸಿ ಒಣ ಕಡ್ಡಿಯಾಯಿತು. ಸೊಸೆ ಹೆದರಿ ಓಡಿಬಂದಳು. ಜಾಗ ಬದಲಾದಾಗ ಮುನಿಸಿಕೊಳ್ಳುತ್ತೆ, ಕೆದಕಿ ನೋಡಬೇಡ, ನೀರು ಹಾಕ್ತಿರು ಎಂದು ಅತ್ತೆ ಹೇಳಿ ಕಳಿಸಿದರು. ಅವಳು ಕೆಲಸಕ್ಕೆ ಹೊರಡುವ ಮೊದಲು ಒಂದು ಚೊಂಬು, ಬಂದ ಮೇಲೆ ಒಂದು ಚೊಂಬು ನೀರು ಹಾಕಿದಳು.

ಈಗ ಬೆಳಗಿನ ನಡಿಗೆಯ ಮೊದಲ ಸ್ಟಾಪು ಆ ಮನೆ. ಮಾವ ಮೆಟ್ಟಿಲ ಕೆಳಗೆ ನಿಂತು ಗಂಟಲಿನ ಹಾರನ್ನು ಹೊಡೆಯುತ್ತಾರೆ. ಒಂದು ಬೆಳಿಗ್ಗೆ ಅತ್ತೆ ಅಲ್ಲಿಂದಲೇ, ಎದುರುಮನೆಯ ಕಿಟಕಿ ತೆರೆಯುವಷ್ಟು ಗಟ್ಟಿಯಾಗಿ ಕೂಗಿದರು.

"ಸೊಸೆ ಹೇಗಿದ್ದಾಳೆ?"

ಮೇಲಿನಿಂದ ಸೊಸೆ ಬಗ್ಗಿ ನೋಡಿದಳು.

"ಯಾವ ಸೊಸೆ ಅತ್ತೆ?"

"ಇಬ್ರದ್ದೂ ಹೇಳು."

"ಒಬ್ಬಳು ನಿನ್ನೆಯಿಂದ ಚಿಗುರ್ತಿದ್ದಾಳೆ, ಅಲ್ಲೇ ಬಗ್ಗಿ ನೋಡಿ. ಇನ್ನೊಬ್ಬಳು ಚಹಾ ಇಟ್ಟಿದ್ದಾಳೆ. ಮೇಲೆ ಬನ್ನಿ."